ಸೋಂಕಿನ ವೇಷದಲ್ಲಿ ಬರುವ ಮೂಳೆಯ ಕ್ಯಾನ್ಸರ್

ಬೆಳೆಯುವ ಮಕ್ಕಳಿಗೆ ಕಾಲುನೋವು ಬರುವುದು ಹೊಸ ಸಂಗತಿಯೇನಲ್ಲ. ಆಟದಲ್ಲಿ ಬಿದ್ದಿರಬೇಕು, ಉಳುಕಿರಬೇಕು ಎಂದು ಹಿರಿಯರು ಎಣ್ಣೆ ಹಚ್ಚಿ ಸಮಾಧಾನ ಹೇಳುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ನಾಲ್ಕಾರು ದಿನಗಳಲ್ಲಿ ನೋವು ಶಮನವಾಗುತ್ತದೆ. ಆದರೆ ಶಮನವಾಗದ ನೋವಿನ ಹಿಂದೆ ಅಪರೂಪಕ್ಕೊಮ್ಮೆ ಗಂಭೀರ ವ್ಯಾಧಿಯೊಂದು ಅಡಗಿರುವುದುಂಟು. ಯೂಯಿಂಗ್ ಸಾರ್ಕೋಮಾ ಎಂಬ ಮೂಳೆಯ ಕ್ಯಾನ್ಸರ್ ಅಂತಹವುಗಳಲ್ಲಿ ಒಂದು.

ನ್ಯೂಯಾರ್ಕಿನ ರೋಗವಿಜ್ಞಾನಿ ಜೇಮ್ಸ್ ಯೂಯಿಂಗ್ ಅವರು 1921ರಲ್ಲಿ ಇದನ್ನು ಮೂಳೆಯ ಇತರ ಗಡ್ಡೆಗಳಿಂದ ಬೇರ್ಪಡಿಸಿ ವಿವರಿಸಿದರು. ಹೆಚ್ಚಾಗಿ 10ರಿಂದ 20 ವರ್ಷ ವಯಸ್ಸಿನವರಲ್ಲಿ, ತೊಡೆ, ಸೊಂಟ, ಮೊಣಕಾಲಿನ ಕೆಳಭಾಗ ಹಾಗೂ ಪಕ್ಕೆಲುಬಿನ ಮೂಳೆಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಜೀವಕೋಶದಲ್ಲಿರುವ 11 ಮತ್ತು 22ನೆಯ ವರ್ಣತಂತುಗಳ ತುಣುಕುಗಳು ಪರಸ್ಪರ ಅದಲುಬದಲಾಗುವುದೇ ಬಹುತೇಕ ರೋಗಿಗಳಲ್ಲಿ ಇದಕ್ಕೆ ಮೂಲ. ಇದು ಸಾಮಾನ್ಯವಾಗಿ ವಂಶಪಾರಂಪರ್ಯವಾಗಿ ಬರುವುದಲ್ಲ. ಆದ್ದರಿಂದ ತಾಯಿತಂದೆಯರು ತಮ್ಮನ್ನು ದೂಷಿಸಿಕೊಳ್ಳಬೇಕಾಗಿಲ್ಲ.

ಈ ರೋಗದ ಕಪಟವಿರುವುದು ಅದರ ಲಕ್ಷಣಗಳಲ್ಲಿ. ನೋವು, ಬಾವು, ಮುಟ್ಟಿದರೆ ಬಿಸಿ, ಬಿಟ್ಟು ಬಿಟ್ಟು ಬರುವ ಜ್ವರ, ತೂಕ ಇಳಿಯುವುದು: ಇವೆಲ್ಲ ಮೂಳೆಯ ಸೋಂಕಿನ ಲಕ್ಷಣಗಳೂ ಹೌದು. ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳು ಮತ್ತು ಇ.ಎಸ್.ಆರ್. ಎರಡೂ ಏರಿರಬಹುದು. ಎಕ್ಸ್‌ರೇಯಲ್ಲಿ ಮೂಳೆಯ ಸುತ್ತ ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಕಾಣುವುದು ಈ ಗಡ್ಡೆಯ ಗುರುತೆನಿಸಿದರೂ ಸೋಂಕಿನಲ್ಲಿಯೂ ಅಂತಹ ಚಿತ್ರ ಬರುವುದುಂಟು. ಗಡ್ಡೆಯ ಒಳಭಾಗ ಕೊಳೆತು ದ್ರವವಾಗಿದ್ದರೆ ಅದು ಕೀವಿನಂತೆಯೇ ತೋರುತ್ತದೆ. ಹೀಗಾಗಿ ಅನುಭವಿ ವೈದ್ಯರೂ ಒಮ್ಮೊಮ್ಮೆ ಸೋಂಕೆಂದೋ ಮೂಳೆಯ ಕ್ಷಯವೆಂದೋ ಭಾವಿಸಿ ಔಷಧ ನೀಡುತ್ತಾರೆ. ಕೆಲವು ಕಾಲ ನೋವು ತಗ್ಗಿದಂತಾಗಿ ಮರಳಿ ಬರುತ್ತದೆ. ಅಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ.

ಸಂಶಯ ನಿವಾರಣೆಗೆ ದಾರಿ ಒಂದೇ: ಬಯಾಪ್ಸಿ, ಅಂದರೆ ರೋಗವಿರುವ ಭಾಗದಿಂದ ಚೂರು ಅಂಗಾಂಶವನ್ನು ತೆಗೆದು ಪರೀಕ್ಷಿಸುವುದು. ಸೋಂಕೆಂದು ಶಸ್ತ್ರಚಿಕಿತ್ಸೆ ಮಾಡಿದಾಗ ದೊರೆತುದನ್ನು ರೋಗಾಣು ಪರೀಕ್ಷೆಗೆ ಮಾತ್ರವಲ್ಲದೆ ಅಂಗಾಂಶ ಪರೀಕ್ಷೆಗೂ ಕಳುಹಿಸಬೇಕು. ಸೂಕ್ಷ್ಮದರ್ಶಕದಲ್ಲಿ ಕಾಣುವ ಸಣ್ಣ ದುಂಡು ಕೋಶಗಳು ಬೇರೆ ಕೆಲವು ಕ್ಯಾನ್ಸರ್‌ಗಳಲ್ಲಿಯೂ ಇರುವುದರಿಂದ, ವಿಶೇಷ ಬಣ್ಣಗಳ ಪರೀಕ್ಷೆ ಹಾಗೂ ವಂಶವಾಹಿ ಪರೀಕ್ಷೆಗಳಿಂದ ನಿರ್ಣಯವನ್ನು ದೃಢಪಡಿಸುತ್ತಾರೆ. ಎಂ.ಆರ್.ಐ. ಗಡ್ಡೆಯ ವ್ಯಾಪ್ತಿಯನ್ನೂ ಶ್ವಾಸಕೋಶದ ಸಿ.ಟಿ. ರೋಗ ಅಲ್ಲಿಗೆ ಹರಡಿದೆಯೇ ಎಂಬುದನ್ನೂ ತಿಳಿಸುತ್ತವೆ. ತಪ್ಪು ಸ್ಥಳದಲ್ಲಿ ಕೊಯ್ದರೆ ಗಡ್ಡೆಯ ಕೋಶಗಳು ಸುತ್ತಲೂ ಹರಡಬಹುದು. ಆದ್ದರಿಂದ ಮುಂದೆ ಶಸ್ತ್ರಚಿಕಿತ್ಸೆ ಮಾಡುವ ತಜ್ಞರ ತಂಡವೇ ಬಯಾಪ್ಸಿಯನ್ನೂ ಮಾಡುವುದು ಲೇಸು. ಕಾರಣ ತಿಳಿಯದ ಬಾವನ್ನು ತಿಕ್ಕುವುದು, ಬಿಗಿದು ಕಟ್ಟುವುದು, ಸುಡುವುದು ಸಲ್ಲದು.

ಕೀಮೋಥೆರಪಿ ಬಳಕೆಗೆ ಬರುವ ಮೊದಲು ಈ ರೋಗ ತಗುಲಿದ ಹತ್ತು ಮಂದಿಯಲ್ಲಿ ಬದುಕುಳಿಯುತ್ತಿದ್ದವರು ಸುಮಾರು ಒಬ್ಬರು. ಇಂದು ಕೀಮೋಥೆರಪಿಯೊಡನೆ ಶಸ್ತ್ರಚಿಕಿತ್ಸೆ ಅಥವಾ ವಿಕಿರಣ ಚಿಕಿತ್ಸೆ ದೊರೆತರೆ, ಬೇರೆಡೆಗೆ ಹರಡದ ಹಂತದಲ್ಲಿರುವ ಹತ್ತರಲ್ಲಿ ಸುಮಾರು ಏಳು ಮಂದಿ ಐದು ವರ್ಷಗಳ ಗಡಿ ದಾಟುತ್ತಾರೆ. ಹಲವರ ಕಾಲನ್ನೂ ಉಳಿಸಲು ಸಾಧ್ಯವಾಗಿದೆ. ಹರಡಿದ ಮೇಲೆ ಈ ಭರವಸೆ ಬಹಳಷ್ಟು ಕುಗ್ಗುತ್ತದೆ.

ಆದ್ದರಿಂದ ಎರಡು-ಮೂರು ವಾರ ಕಳೆದರೂ ಹೋಗದ ನೋವು, ನಿದ್ರೆ ಕೆಡಿಸುವ ರಾತ್ರಿಯ ನೋವು, ದಿನೇ ದಿನೇ ಹೆಚ್ಚುವ ಬಾವು ಇವುಗಳನ್ನು ಉಪೇಕ್ಷಿಸದೆ ಮೂಳೆತಜ್ಞರಿಗೆ ತೋರಿಸಬೇಕು. ಚಿಕಿತ್ಸೆಯಿಂದ ಗುಣ ಕಾಣದಿದ್ದಾಗ “ಬಯಾಪ್ಸಿ ಅಗತ್ಯವಿದೆಯೇ?” ಎಂದು ಕೇಳಲು ಸಂಕೋಚ ಬೇಡ. ಅಗತ್ಯವಾದರೆ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಂತಹ ಕ್ಯಾನ್ಸರ್ ಕೇಂದ್ರಗಳಿವೆ. ಇಂತಹ ನೋವುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲವೆಂಬುದು ನಿಜ. ಆದರೂ ಸಕಾಲದಲ್ಲಿ ಕೇಳಿದ ಆ ಒಂದು ಪ್ರಶ್ನೆ ಮಗುವೊಂದರ ಜೀವವನ್ನು ಉಳಿಸಬಲ್ಲದು.