ಫ್ರೋಜನ್ ಶೋಲ್ಡರ್: ಯಾವ ಕೈಚಿಕಿತ್ಸೆ ಮೇಲು?

ತಲೆ ಬಾಚಲು ಕೈ ಮೇಲೇಳುವುದಿಲ್ಲ. ಅಂಗಿಯ ತೋಳಿಗೆ ಕೈ ತೂರಿಸುವಾಗ ಜೀವ ಹೋದಂತಾಗುತ್ತದೆ. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ನಿದ್ರೆ ಹಾರಿಹೋಗುತ್ತದೆ. ನಲವತ್ತು ದಾಟಿದವರಲ್ಲಿ, ಅದರಲ್ಲೂ ಮಹಿಳೆಯರಲ್ಲಿ ಮತ್ತು ಮಧುಮೇಹಿಗಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವ ಈ ತೊಂದರೆಗೆ ಜನ ‘ಭುಜ ಹಿಡಿದುಕೊಂಡಿದೆ’ ಎನ್ನುತ್ತಾರೆ. ವೈದ್ಯರ ಚೀಟಿಯಲ್ಲಿ ಅದು ‘ಫ್ರೋಜನ್ ಶೋಲ್ಡರ್’ ಆಗುತ್ತದೆ. ಅಮೆರಿಕದ ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ 1934ರಲ್ಲಿ ಇಟ್ಟ ಹೆಸರಿದು.

ಎಣ್ಣೆ ತಿಕ್ಕಿಸಿಕೊಂಡು, ಮುಲಾಮು ಹಚ್ಚಿಕೊಂಡು ಸೋತವರು ಕೊನೆಗೆ ಫಿಸಿಯೋಥೆರಪಿಸ್ಟರ ಬಳಿಗೆ ಹೋಗುತ್ತಾರೆ. ಅಲ್ಲಿ ಒಬ್ಬರು ಮೇಟ್‌ಲ್ಯಾಂಡ್ ವಿಧಾನ ಎನ್ನುತ್ತಾರೆ, ಮತ್ತೊಬ್ಬರು ಮಲ್ಲಿಗನ್ ಎನ್ನುತ್ತಾರೆ. ಪ್ರತಿ ಭೇಟಿಗೂ ಶುಲ್ಕ ತೆರುವ ರೋಗಿಗೆ ಇವುಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆ ಏಳುವುದು ಸಹಜ. ವಿಧಾನದ ಹೆಸರಿಗಿಂತಲೂ ಕಾಯಿಲೆ ಯಾವ ಹಂತದಲ್ಲಿದೆ, ಎಷ್ಟು ಬಲ ಪ್ರಯೋಗಿಸಲಾಗುತ್ತಿದೆ ಎಂಬುದೇ ಮುಖ್ಯ ಎಂದು ಇದುವರೆಗಿನ ಅಧ್ಯಯನಗಳಿಂದ ತೋರುತ್ತದೆ.

ಭುಜದ ಕೀಲನ್ನು ಚೀಲದಂತೆ ಆವರಿಸಿರುವ ಪೊರೆಯೊಂದಿದೆ. ಅದು ಉರಿಯೂತಕ್ಕೆ ಒಳಗಾಗಿ, ದಪ್ಪವಾಗಿ, ಕುಗ್ಗಿದಾಗ ಕೈ ಕಟ್ಟಿಹಾಕಿದಂತಾಗುತ್ತದೆ. ಮೊದಲ ಕೆಲವು ತಿಂಗಳು ನೋವಿನದೇ ಕಾರುಬಾರು. ನಂತರ ನೋವು ತಗ್ಗಿ ಬಿಗಿತ ಉಳಿಯುತ್ತದೆ. ಆಮೇಲೆ ನಿಧಾನವಾಗಿ ಸಡಿಲಗೊಳ್ಳುತ್ತದೆ. ಈ ಸುತ್ತು ಮುಗಿಯಲು ಸಾಮಾನ್ಯವಾಗಿ ಒಂದರಿಂದ ಮೂರು ವರ್ಷ ಬೇಕು. ಕೆಲವರಲ್ಲಿ ಅಲ್ಪಸ್ವಲ್ಪ ಬಿಗಿತ ಉಳಿದುಬಿಡುವುದೂ ಉಂಟು.

ಆಸ್ಟ್ರೇಲಿಯಾದ ಜೆಫ್ರಿ ಮೇಟ್‌ಲ್ಯಾಂಡ್ ರೂಪಿಸಿದ ವಿಧಾನದಲ್ಲಿ ಚಿಕಿತ್ಸಕರು ತೋಳಿನ ಮೂಳೆಯನ್ನು ಲಯಬದ್ಧವಾಗಿ ಹಿಂದೆಮುಂದೆ ಆಡಿಸುತ್ತಾರೆ. ಇದರಲ್ಲಿ ನಾಲ್ಕು ಮಟ್ಟಗಳಿವೆ. ಮೊದಲ ಎರಡು ಬಿಗಿತವನ್ನು ಮುಟ್ಟದ ಮೃದು ಚಲನೆಗಳಾಗಿದ್ದು, ನೋವು ತಗ್ಗಿಸಲು ಬಳಕೆಯಾಗುತ್ತವೆ. ಮೂರು ಮತ್ತು ನಾಲ್ಕನೆಯ ಮಟ್ಟದಲ್ಲಿ ಬಿಗಿತದೊಳಕ್ಕೆ ಒತ್ತಲಾಗುತ್ತದೆ.

ನ್ಯೂಜಿಲೆಂಡಿನ ಬ್ರಯಾನ್ ಮಲ್ಲಿಗನ್ ಅವರ ವಿಧಾನದಲ್ಲಿ ರೋಗಿ ಸುಮ್ಮನೆ ಮಲಗಿರುವುದಿಲ್ಲ. ಚಿಕಿತ್ಸಕರು ಕೀಲಿನ ಗುಂಡನ್ನು ಒತ್ತಿ ಹಿಡಿದಿರುವಾಗ ರೋಗಿಯೇ ಕೈ ಎತ್ತಬೇಕು. ನೋವಾಗಕೂಡದು ಎಂಬುದು ಇಲ್ಲಿನ ಕಟ್ಟುನಿಟ್ಟಿನ ನಿಯಮ. ನೋವಾದರೆ ಒತ್ತುವ ದಿಕ್ಕು ಬದಲಿಸಬೇಕು, ಇಲ್ಲವೇ ಕೈಬಿಡಬೇಕು. ಇನ್ನು ಲಂಡನ್ನಿನ ವೈದ್ಯ ಜೇಮ್ಸ್ ಸೈರಿಯಾಕ್ಸ್ ಪ್ರಚುರಪಡಿಸಿದ ಅಡ್ಡ ಉಜ್ಜುವಿಕೆ, ಮುಖ್ಯವಾಗಿ ಸ್ನಾಯುರಜ್ಜುಗಳ ನೋವಿಗೆ ಬಳಸುವಂಥದ್ದು.

ನಾರ್ವೆಯ ಫ್ರೆಡ್ಡಿ ಕಾಲ್ಟೆನ್‌ಬಾರ್ನ್ ಅವರದು ಕೀಲನ್ನು ಎಳೆದು, ಜಾರಿಸಿ, ಹಾಗೆಯೇ ಹಿಡಿದು ನಿಲ್ಲಿಸುವ ವಿಧಾನ. ಅವರು ಪ್ರಚಾರಕ್ಕೆ ತಂದ ನಿಯಮದಂತೆ, ಕೈ ಹೊರಕ್ಕೆ ತಿರುಗದಿದ್ದರೆ ಕೀಲಿನ ಗುಂಡನ್ನು ಮುಂದಕ್ಕೆ ಜಾರಿಸಬೇಕು. ತಲೆಮಾರುಗಳ ವಿದ್ಯಾರ್ಥಿಗಳು ಇದನ್ನೇ ಬಾಯಿಪಾಠ ಮಾಡಿದ್ದಾರೆ. ಆದರೆ 2007ರಲ್ಲಿ ಪ್ರಕಟವಾದ, 20 ರೋಗಿಗಳ ಅಮೆರಿಕದ ಅಧ್ಯಯನವೊಂದು ಬೇರೆಯದನ್ನೇ ಹೇಳಿತು. ಮುಂದಕ್ಕೆ ಜಾರಿಸಿದವರಲ್ಲಿ ಹೊರತಿರುವು ಸರಾಸರಿ 3 ಡಿಗ್ರಿ ಸುಧಾರಿಸಿದರೆ, ಹಿಂದಕ್ಕೆ ಜಾರಿಸಿದವರಲ್ಲಿ ಸುಮಾರು 31 ಡಿಗ್ರಿ ಸುಧಾರಿಸಿತ್ತು. ಸಣ್ಣ ಅಧ್ಯಯನವೇನೋ ನಿಜ. ಆದರೂ ಪಠ್ಯದ ನಿಯಮಕ್ಕೆ ಮೈ ಮಣಿಯಲೇಬೇಕೆಂದೇನೂ ಇಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

<b>ಎಷ್ಟು ಬಲ ಹಾಕಬೇಕು?</b>

ಈ ಪ್ರಶ್ನೆಗೆ ನೆದರ್ಲೆಂಡ್ಸ್‌ನಿಂದಲೇ ಎರಡು ಉತ್ತರಗಳು ಬಂದಿವೆ. 2004ರಲ್ಲಿ ಪ್ರಕಟವಾದ 77 ರೋಗಿಗಳ ಅಧ್ಯಯನದಲ್ಲಿ ಒಂದು ಗುಂಪಿಗೆ ನೋವು ಮೀರಿ ಎಳೆಯುವ ಚಿಕಿತ್ಸೆ ನೀಡಲಾಯಿತು. ಇನ್ನೊಂದು ಗುಂಪು ನೋವಿನ ಮಿತಿಯೊಳಗೆ ವ್ಯಾಯಾಮ ಮಾಡಿತು. ಎರಡು ವರ್ಷಗಳ ಬಳಿಕ ಮಿತಿಯೊಳಗೆ ಉಳಿದವರಲ್ಲಿ ಶೇ. 89ರಷ್ಟು ಮಂದಿಯ ಭುಜ ಬಹುತೇಕ ಸಹಜ ಸ್ಥಿತಿಗೆ ಮರಳಿತ್ತು. ಎಳೆಸಿಕೊಂಡವರಲ್ಲಿ ಈ ಪ್ರಮಾಣ ಶೇ. 63 ಮಾತ್ರ.

2006ರ ಅಧ್ಯಯನ 100 ರೋಗಿಗಳದ್ದು. ಅದರಲ್ಲಿ ಬಿಗಿತದೊಳಕ್ಕೆ ಒತ್ತುವ ಚಿಕಿತ್ಸೆಯನ್ನು ಮೃದು ಚಿಕಿತ್ಸೆಯೊಂದಿಗೆ ಹೋಲಿಸಿದಾಗ ಎರಡೂ ಗುಂಪುಗಳು ಸುಧಾರಿಸಿದವು. ಒತ್ತಿಸಿಕೊಂಡವರು ತುಸು ಮುಂದಿದ್ದರೂ ಅಂತರ ಅಲ್ಪವೇ ಆಗಿತ್ತು. ಆದರೆ ಇವರೆಲ್ಲರೂ ಮೂರು ತಿಂಗಳಿಗೂ ಮಿಕ್ಕಿ ಕಾಯಿಲೆ ಅನುಭವಿಸಿದ್ದವರು ಎಂಬುದನ್ನು ಗಮನಿಸಬೇಕು. ರಾತ್ರಿ ನಿದ್ರೆಗೆಡಿಸುವ ನೋವಿರುವ ಭುಜವನ್ನು ಬಲವಾಗಿ ಎಳೆಯುವುದಕ್ಕೂ, ನೋವು ಹಿಂದೆ ಸರಿದು ಬಿಗಿತ ಮಾತ್ರ ಉಳಿದ ಭುಜವನ್ನು ಒತ್ತುವುದಕ್ಕೂ ಅಜಗಜಾಂತರ ವ್ಯತ್ಯಾಸವಿದೆ. ‘ನೋವಾದರೇನೇ ಗುಣ’ ಎಂದು ಹಲ್ಲು ಕಚ್ಚುವ ರೋಗಿಗಳು ಮೊದಲ ಹಂತದಲ್ಲಿ ತಮಗೆ ತಾವೇ ಹಾನಿ ಮಾಡಿಕೊಳ್ಳುವ ಸಾಧ್ಯತೆ ಇದೆ.

ಕೈಚಿಕಿತ್ಸೆಯೇ ಸರ್ವಸ್ವವೂ ಅಲ್ಲ. ಮೊದಲ ಕೆಲವು ವಾರಗಳಲ್ಲಿ ಕೀಲಿಗೆ ನೀಡುವ ಸ್ಟಿರಾಯ್ಡ್ ಚುಚ್ಚುಮದ್ದು ಕೈಚಿಕಿತ್ಸೆ ಮತ್ತು ವ್ಯಾಯಾಮಕ್ಕಿಂತ ಹೆಚ್ಚು ಉಪಶಮನ ಕೊಡುತ್ತದೆ ಎಂದು 2014ರ ಕಾಕ್ರೇನ್ ಪರಾಮರ್ಶೆ ತಿಳಿಸಿತು. ಮಧುಮೇಹಿಗಳಲ್ಲಿ ಈ ಚುಚ್ಚುಮದ್ದು ಕೆಲವು ದಿನ ಸಕ್ಕರೆ ಅಂಶ ಏರಿಸಬಹುದಾದ್ದರಿಂದ ಮೊದಲೇ ವೈದ್ಯರಿಗೆ ತಿಳಿಸುವುದು ಅಗತ್ಯ. ಬ್ರಿಟನ್ನಿನಲ್ಲಿ 503 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವು ಚುಚ್ಚುಮದ್ದಿನೊಂದಿಗಿನ ಫಿಸಿಯೋಥೆರಪಿಯನ್ನು, ಅರಿವಳಿಕೆ ನೀಡಿ ಭುಜ ತಿರುಗಿಸುವ ಕ್ರಮವನ್ನು ಹಾಗೂ ಶಸ್ತ್ರಚಿಕಿತ್ಸೆಯನ್ನು ಹೋಲಿಸಿತು. ರೋಗಿಗೆ ಎದ್ದು ಕಾಣುವಷ್ಟು ಮೇಲುಗೈ ಯಾವುದಕ್ಕೂ ಸಿಗಲಿಲ್ಲ.

ಭುಜದ ನೋವೆಲ್ಲವೂ ಫ್ರೋಜನ್ ಶೋಲ್ಡರ್ ಅಲ್ಲ. ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡು ಮುಂಗೈಯನ್ನು ಹೊರಕ್ಕೆ ತಿರುಗಿಸಲು ಯತ್ನಿಸಬೇಕು. ಬೇರೆಯವರು ಮೆಲ್ಲನೆ ತಿರುಗಿಸಿದರೂ ಅದು ಹೋಗದಿದ್ದಲ್ಲಿ ಪೊರೆ ಬಿಗಿದಿರುವ ಸಂಭವ ಹೆಚ್ಚು. ಬೇರೆಯವರು ಸುಲಭವಾಗಿ ಆಡಿಸಬಲ್ಲರು, ತಮಗೆ ಮಾತ್ರ ಎತ್ತಲಾಗದು ಎಂದಾದರೆ ಸ್ನಾಯುರಜ್ಜುವಿನ ತೊಂದರೆ ಇರಬಹುದು. ಕೀಲು ಸವೆತ, ಹಳೆಯ ಕೀಲು ತಪ್ಪಿಕೆಯಂಥವನ್ನು ಎಕ್ಸ್‌ರೇ ತೆಗೆಸಿ ಖಚಿತಪಡಿಸಿಕೊಳ್ಳದೆ ಬಲಪ್ರಯೋಗಕ್ಕೆ ಒಪ್ಪಬಾರದು. ಮೂಳೆ ಸವಕಳಿ ಇರುವ ಹಿರಿಯರಂತೂ ಇನ್ನಷ್ಟು ಎಚ್ಚರ ವಹಿಸಬೇಕು. ಎಡಭುಜದ ನೋವಿನೊಂದಿಗೆ ಬೆವರು, ಉಸಿರುಕಟ್ಟುವಿಕೆ ಇದ್ದರೆ ಹೋಗಬೇಕಾದದ್ದು ಫಿಸಿಯೋಥೆರಪಿಸ್ಟರ ಬಳಿಗಲ್ಲ, ತಕ್ಷಣವೇ ಆಸ್ಪತ್ರೆಗೆ.

ಚಿಕಿತ್ಸೆ ಆರಂಭಿಸುವ ದಿನ ಹೊರತಿರುವು ಎಷ್ಟು ಡಿಗ್ರಿ ಇದೆ ಎಂದು ಅಳೆಸಿ ಬರೆಸಿಕೊಳ್ಳುವುದು ಲೇಸು. ಮನೆಯಲ್ಲಿ ಮಾಡಬೇಕಾದ ವ್ಯಾಯಾಮವನ್ನೂ ಅಂದೇ ಕೇಳಿ ಕಲಿಯಬೇಕು. ಮುಂದಕ್ಕೆ ಬಾಗಿ ಕೈಯನ್ನು ಗಡಿಯಾರದ ಲೋಲಕದಂತೆ ತೂಗಾಡಿಸುವ ಕಾಡ್‌ಮನ್ ವ್ಯಾಯಾಮಕ್ಕೆ ಬೇಕಾದುದು ಇನ್ನೊಂದು ಕೈಗೆ ಆಸರೆಯಾಗಿ ಒಂದು ಮೇಜು, ಅಷ್ಟೇ. ನಾಲ್ಕಾರು ವಾರ ಕಳೆದರೂ ನೋವು, ಡಿಗ್ರಿ ಎರಡೂ ಕದಲದಿದ್ದರೆ, ಮುಂದಿನ ಶುಲ್ಕ ಕಟ್ಟುವ ಮುನ್ನ ಚಿಕಿತ್ಸಾಕ್ರಮವನ್ನು ಬದಲಿಸುವಿರಾ ಎಂದು ಚಿಕಿತ್ಸಕರನ್ನು ಕೇಳುವ ಹಕ್ಕು ರೋಗಿಗಿದೆ.