ಒಂಟಿಕಾಲಲ್ಲಿ ನಿಲ್ಲಿ, ಗಮನ ಎಲ್ಲಿದೆ ನೋಡಿ

ಕೊಡ್ಲಿಪೇಟೆಯವರೇ, ಬೆಳಗಿನ ವಾಕಿಂಗ್ ಹೊರಟ್ರಾ? ಕಿವಿಯಲ್ಲಿ ಇಯರ್‌ಫೋನ್, ಕೈಯಲ್ಲಿ ವಾಟ್ಸಾಪ್, ತಲೆಯಲ್ಲಿ ಕಾಫಿ ರೇಟು. ನಡೀತಿರೋದು ಕಾಲು ಮಾತ್ರ!

ನಮ್ಮ ಕೊಡಗಿನ ರೋಹನ್ ಬೋಪಣ್ಣ ಅವರನ್ನ ನೋಡಿ. 2024ರ ಜನವರಿಯಲ್ಲಿ, 43ರ ವಯಸ್ಸಲ್ಲಿ, ಆಸ್ಟ್ರೇಲಿಯನ್ ಓಪನ್ ಟೆನಿಸ್‌ನ ಪುರುಷರ ಡಬಲ್ಸ್ ಗೆದ್ದರು; ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಕೂಡ ಆದರು. ಅದೂ ಸವೆದ ಮಂಡಿ ಇಟ್ಟುಕೊಂಡು. ಮಂಡಿನೋವಿಗೆ ಅಂತ ಶುರುಮಾಡಿದ ಅಯ್ಯಂಗಾರ್ ಯೋಗದಿಂದ ಕೋರ್ಟಿನಲ್ಲಿ ಮನಸ್ಸೂ ಶಾಂತವಾಯ್ತು ಅಂತ ಅವರೇ ಹೇಳಿದ್ದಾರೆ. ಆ ಪದ್ಧತಿ ಕಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಕೋಲಾರ ಜಿಲ್ಲೆಯ ಬೆಳ್ಳೂರಿನವರು.

ಈಗ ವೃಕ್ಷಾಸನ. ಒಂದು ಪಾದ ಎತ್ತಿ, ಇನ್ನೊಂದು ಕಾಲಿನ ತೊಡೆಯ ಒಳಬದಿಗೆ ಇಡಿ. ಮಂಡಿಗೆ ಒತ್ತಬೇಡಿ. ಪಕ್ಕದಲ್ಲಿ ಗೋಡೆ ಇರಲಿ, ಹೀರೋಗಿರಿ ಬೇಡ. ಎದುರಿನ ಸಿಲ್ವರ್ ಓಕ್ ಮರದ ಒಂದೇ ಗಂಟಿನ ಮೇಲೆ ಕಣ್ಣಿಡಿ. ಕಣ್ಣು, ಒಳಕಿವಿ, ಅಂಗಾಲು, ಕೀಲು ಎಲ್ಲ ಕೊಡೋ ಸುದ್ದಿ ಸೇರಿಸಿಯೇ ಮೆದುಳು ನಮ್ಮನ್ನ ನಿಲ್ಲಿಸೋದು. ಕಣ್ಣು ಅಲೆದರೆ ಮೈಯೂ ವಾಲುತ್ತೆ. ಗಮನ ತಪ್ಪಿದ್ದು ಆಗಲೇ ಗೊತ್ತಾಗುತ್ತೆ.

ಮನಸ್ಸು ಹೋಗೇ ಹೋಗುತ್ತೆ, ಬಿಡಿ. ಹೋದದ್ದನ್ನ ಗುರುತಿಸಿ ವಾಪಸ್ ಕರೆತರೋದೇ ವ್ಯಾಯಾಮ, ಡಂಬಲ್ ಇಳಿಸಿ ಮತ್ತೆ ಎತ್ತೋ ಹಾಗೆ. ತಲೆ ಪೂರ್ತಿ ಖಾಲಿ ಮಾಡಿ ಅನ್ನೋ ಗುರುಗಳನ್ನ ನಾನಂತೂ ನಂಬಲ್ಲ.

ಓದೋ ಮಕ್ಕಳಿಗೂ ಒಂದು ಮಾತು. ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರಿದರೆ ಹಿಂದಿನದು ತಲೆಯಲ್ಲೇ ಸ್ವಲ್ಪ ಉಳಿಯುತ್ತೆ. ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ಇದನ್ನ ತೋರಿಸಿದರು. ಹಾಗಾಗಿ ಗಣಿತ ಮಾಡುವಾಗ ಫೋನು ಅಡುಗೆಮನೆಯಲ್ಲಿರಲಿ, ಸೈಲೆಂಟ್‌ನಲ್ಲಿ. ಅಮ್ಮಂದಿರೇ, ನಿಮ್ಮದೂ ಅಲ್ಲೇ ಇರಲಿ!