ವಿಜಾಪುರದ ನೀರ ದಾರಿ

ಅಥಣಿ ಸೀಮೆಯ ಐಗಳಿಯನ್ನು ಬಿಟ್ಟು ಮೂಡಣ ದಿಕ್ಕಿಗೆ ಪ್ರಯಾಣ ಮಾಡುವವರಿಗೆ ವಿಜಾಪುರವು ಬಹು ದೂರದಿಂದಲೇ ತನ್ನ ಗುರುತು ಕೊಡುತ್ತದೆ. ಮರಗಳು ವಿರಳವಾದ ಬಯಲು. ಜೋಳದ ಹೊಲಗಳ ಆಚೆ, ಆಕಾಶದ ಅಂಚಿನಲ್ಲಿ, ಗೋಳಗುಮ್ಮಟ. 2014ರಿಂದ ನಗರಕ್ಕೆ ವಿಜಯಪುರವೆಂಬ ಹೆಸರು ಅಧಿಕೃತವಾಗಿ ಸಂದಿದೆಯಾದರೂ ಹಳ್ಳಿಯವರ ಬಾಯಲ್ಲಿ ಅದು ಇನ್ನೂ ವಿಜಾಪುರವೇ ಆಗಿರುವುದರಿಂದ ನಾವೂ ಆ ರೂಢಿಯನ್ನೇ ಅನುಸರಿಸುತ್ತೇವೆ.

ಯಾತ್ರಿಕರು ಗುಮ್ಮಟವನ್ನು ಹತ್ತಿ, ಪ್ರತಿಧ್ವನಿಯನ್ನು ಕೇಳಿ, ಇಬ್ರಾಹಿಂ ರೋಜಾದ ಕಲ್ಲಿನ ಕೆತ್ತನೆಗೆ ತಲೆದೂಗಿ ಹಿಂದಿರುಗುತ್ತಾರೆ. ಅದು ಯುಕ್ತವೇ. ಆದರೆ ಇಲ್ಲಿ ಕೇಳಬೇಕಾದ ಒಂದು ಸರಳವಾದ ಪ್ರಶ್ನೆಯುಂಟು. ದಕ್ಷಿಣದಲ್ಲಿ ಕೃಷ್ಣೆ, ಉತ್ತರದಲ್ಲಿ ಭೀಮೆ, ಎರಡೂ ದೂರ. ಸಮೀಪದ ಡೋಣಿಯ ಕಣಿವೆ ಕಾಳಿಗೆ ಹೆಸರಾದುದಾದರೂ ಆ ಹೊಳೆಯ ನೀರು ಉಪ್ಪು. ಮಳೆಯೋ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೀಗಿರುವ ಕರಿಕಲ್ಲಿನ ನೆಲದ ಮೇಲೆ, ಸುಮಾರು 6 ಮೈಲಿ ಸುತ್ತಳತೆಯ ಕೋಟೆಯೊಳಗೆ, ಅಷ್ಟು ದೊಡ್ಡ ರಾಜಧಾನಿಯು ಏನನ್ನು ಕುಡಿದು ಬದುಕಿತು?

ಉತ್ತರವನ್ನು ಅರಸಿ ನಾವು ನಗರದ ಪಶ್ಚಿಮಕ್ಕೆ ಸುಮಾರು 4 ಮೈಲಿ ದೂರದ ತೊರವೆಗೆ ಹೋಗಬೇಕು. ಕನ್ನಡಿಗರಿಗೆ ಈ ಊರು ಅಪರಿಚಿತವಲ್ಲ. ಕುಮಾರ ವಾಲ್ಮೀಕಿಯ ರಾಮಾಯಣಕ್ಕೆ ಹೆಸರು ಬಂದುದು ಇದರಿಂದಲೇ. ಎರಡನೆಯ ಇಬ್ರಾಹಿಂ ಆದಿಲಶಾಹನು 1599ರಲ್ಲಿ ತನ್ನ ಸಂಗೀತಪ್ರಿಯತೆಗೆ ತಕ್ಕಂತೆ ನವರಸಪುರವೆಂಬ ಹೊಸ ನಗರವನ್ನು ಕಟ್ಟಲಾರಂಭಿಸಿದ್ದೂ ಇದರ ಮಗ್ಗುಲಲ್ಲಿಯೇ. 1624ರಲ್ಲಿ ಮಲಿಕ ಅಂಬರನ ದಂಡು ಅದನ್ನು ಹಾಳುಗೆಡವಿತು. ಆದರೆ ಅದಕ್ಕೂ ಹಿಂದೆ, ಮೊದಲನೆಯ ಅಲಿ ಆದಿಲಶಾಹನ ಕಾಲದಲ್ಲಿ, ತೊರವೆಯ ಅಂತರ್ಜಲವನ್ನು ನಗರಕ್ಕೆ ತರುವ ಏರ್ಪಾಡಾಗಿತ್ತೆಂದು ಪ್ರತೀತಿ. ಅಲ್ಲಿನ ಬಾವಿಗೆ ಸುರಂಗ ಬಾವಡಿಯೆಂದೇ ಹೆಸರು. ಬಂಡೆಯನ್ನು ಕೊರೆದು, ಇಳಿಜಾರು ತಪ್ಪದಂತೆ, ನೆಲದೊಳಗೆ ಸುರಂಗವನ್ನು ನಡೆಸಿದ್ದಾರೆ. ಗಾಳಿಯಾಡಲೂ, ಹೂಳು ತೆಗೆಯುವವರು ಇಳಿಯಲೂ ಅಲ್ಲಲ್ಲಿ ಬಾವಿಯಂತಹ ಕಂಡಿಗಳನ್ನು ಬಿಟ್ಟಿದ್ದಾರೆ. ಪಾರಸಿಕ ದೇಶದಲ್ಲಿ ಬಹು ಪುರಾತನವಾದ ಈ ವಿಧಾನವು ಬೀದರಿನಲ್ಲಿಯೂ ಉಂಟು. ನೀರು ನೆಲದೊಳಗೆ ಹರಿದರೆ ಬಿಸಿಲಿಗೆ ಆರುವುದಿಲ್ಲ, ಹಗೆಯ ಕಣ್ಣಿಗೂ ಬೀಳುವುದಿಲ್ಲ.

ಕೋಟೆಯೊಳಗೆ ಬಂದರೆ ಬಾವಡಿಗಳು. 1579ರ ಚಾಂದ್ ಬಾವಡಿ ಮೊದಲಿನದು. 1620ರ ತಾಜ್ ಬಾವಡಿಯ ಬಾಗಿಲಲ್ಲಿ ನಿಂತವರಿಗೆ ಅರಮನೆಯ ಭ್ರಾಂತಿಯಾಗುತ್ತದೆ: ಎರಡು ಎಂಟುಮೂಲೆಯ ಬುರುಜುಗಳ ನಡುವೆ ವಿಶಾಲವಾದ ಒಂದೇ ಕಮಾನು, ಒಳಗೆ ಇಳಿಯುವ ಮೆಟ್ಟಿಲು, ಕೆಳಗೆ ಚೌಕನೆಯ ಹಸಿರು ನೀರು, ದಾರಿಗರು ತಂಗಲು ಮೊಗಸಾಲೆ. ನೀರು ಸೇದುವ ತಾಣಕ್ಕೆ ಇಷ್ಟು ಗೌರವವನ್ನು ಸಲ್ಲಿಸಿದ ಜನ ನೀರಿನ ಬೆಲೆಯನ್ನು ಬಲ್ಲವರೇ ಸರಿ.

ಆದರೂ ನಮ್ಮನ್ನು ಹೆಚ್ಚಾಗಿ ಬೆರಗುಗೊಳಿಸಿದುವು, ಯಾರೂ ನಿಂತು ನೋಡದ, ಅಲಂಕಾರವಿಲ್ಲದ ಚೌಕನೆಯ ಗೋಪುರಗಳು. ಇವಕ್ಕೆ ಗಂಜ್ ಎಂದು ಹೆಸರು. ಮಹಮ್ಮದ್ ಆದಿಲಶಾಹನು 1651ರಲ್ಲಿ ನಗರದ ದಕ್ಷಿಣಕ್ಕೆ ಬೇಗಂ ತಲಾಬನ್ನು ಕಟ್ಟಿಸಿದನು. ಅದರ ವಿಸ್ತಾರ ಸುಮಾರು 234 ಎಕರೆ. ಅಲ್ಲಿಂದ ಸುಟ್ಟ ಮಣ್ಣಿನ ಕೊಳವಿಗಳನ್ನು ಒಂದಕ್ಕೊಂದು ಜೋಡಿಸಿ, ಸುತ್ತಲೂ ಗಾರೆಗಚ್ಚಿನಿಂದ ಬಿಗಿದು, ನೆಲದಡಿಯಲ್ಲಿ ನಗರಕ್ಕೆ ತಂದರು. ಇಲ್ಲೊಂದು ತೊಡಕು. ಎತ್ತರದ ಕೆರೆಯಿಂದ ತಗ್ಗಿಗೆ ಇಳಿದಷ್ಟೂ ನೀರಿನ ಒತ್ತಡ ಹೆಚ್ಚುತ್ತದೆ. ಮಣ್ಣಿನ ಕೊಳವಿ ಎಷ್ಟೆಂದು ತಡೆದೀತು? ಅದಕ್ಕಾಗಿ ದಾರಿಯುದ್ದಕ್ಕೂ ಗಂಜುಗಳನ್ನು ನಿಲ್ಲಿಸಿದರು. ನೀರು ಗಂಜಿನೊಳಗೆ ಮೇಲೇರಿ, ಗಾಳಿಗೆ ತೆರೆದುಕೊಂಡು, ತನ್ನ ಒತ್ತಡವನ್ನು ಅಲ್ಲಿಯೇ ಕಳೆದುಕೊಂಡು, ಮುಂದಿನ ಕೊಳವಿಗೆ ಸೌಮ್ಯವಾಗಿ ಇಳಿಯುತ್ತಿತ್ತು. ಬಂದ ಮಣ್ಣು ತಳದಲ್ಲಿ ನಿಲ್ಲುತ್ತಿತ್ತು. ಬೇರೆ ಬೇರೆ ಕೇರಿಗಳಿಗೆ ಕವಲೊಡೆಯಲೂ ಅದೇ ಸ್ಥಳ. ಯಂತ್ರವಿಲ್ಲ, ಉರುವಲಿಲ್ಲ, ನೀರಿನ ಸ್ವಭಾವವನ್ನರಿತು ಅದರಿಂದಲೇ ಕೆಲಸ ಮಾಡಿಸಿಕೊಂಡ ಬುದ್ಧಿವಂತಿಕೆ.

ಇದೇ ದೊರೆಯ ಸಮಾಧಿ ಗೋಳಗುಮ್ಮಟ. ಅದರ ಕಾಲ 1656. ಒಳಗೆ ಒಂದೊಂದು ಪಕ್ಕ 135 ಅಡಿಯಷ್ಟಿರುವ ಚೌಕದ ಮೇಲೆ, ಒಂದನ್ನೊಂದು ಕತ್ತರಿಸುವ ಕಮಾನುಗಳ ಆಸರೆಯಿಂದ, ಒಳವ್ಯಾಸ ಸುಮಾರು 124 ಅಡಿಯ ಗುಮ್ಮಟ ನಿಂತಿದೆ. ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಆ ಮಹಾಭಾರವನ್ನು ಕಟ್ಟುವಾಗ ಗಾರೆ ಕಲಸಲು ಎಷ್ಟು ಕೊಡ ನೀರು ಬೇಕಾಗಿದ್ದಿರಬೇಕೆಂದು ನಾವು ಮೇಲೆ ನಿಂತು ಲೆಕ್ಕ ಹಾಕಹೊರಟು ಸೋತೆವು.

1686ರಲ್ಲಿ ಔರಂಗಜೇಬನಿಗೆ ನಗರ ವಶವಾಯಿತು. ದೊರೆ ಹೋದ ಮೇಲೆ ಕೊಳವಿಗಳನ್ನು ನೋಡಿಕೊಳ್ಳುವವರಾರು? ಒಡೆದದ್ದು ಒಡೆದೇ ಹೋಯಿತು, ಕಂಡಿಗಳಲ್ಲಿ ಹೂಳು ತುಂಬಿತು. 1885ರಲ್ಲಿ ಕಲಾದಗಿಯಿಂದ ಜಿಲ್ಲೆಯ ಮುಖ್ಯ ಠಾಣ್ಯ ಇಲ್ಲಿಗೆ ಬಂದಾಗ ಅಧಿಕಾರಿಗಳು ಹಳೆಯ ಮಹಲುಗಳನ್ನು ಕಛೇರಿಗಳಾಗಿ ಮಾಡಿಕೊಂಡರು.

ಇಂದು ನಗರಕ್ಕೆ ಕೃಷ್ಣೆಯ ನೀರು ಬರುತ್ತದೆ. ಹಬ್ಬದಲ್ಲಿ ಗಣಪತಿಯ ಮೂರ್ತಿಗಳನ್ನು ಮುಳುಗಿಸಿ, ಕಸ ಸುರಿದು ಕೆಡಿಸಿದ್ದ ತಾಜ್ ಬಾವಡಿಯ ಹೂಳನ್ನು ಈಚಿನ ವರ್ಷಗಳಲ್ಲಿ ತೆಗೆಸಿದ್ದಾರೆ. ಬಹಳ ತಡವಾಗಿ ಆದ ಕೆಲಸವಾದರೂ ಸಂತೋಷವೇ. ಗಂಜುಗಳ ಪಾಡು ಅಷ್ಟು ಚೆನ್ನಾಗಿಲ್ಲ. ಅವು ಸುಲ್ತಾನರ ಸಮಾಧಿಗಳಲ್ಲ, ಮಸೀದಿಗಳಲ್ಲ. ಅವನ್ನು ನೋಡಲೆಂದು ಯಾರೂ ಟಿಕೀಟು ಕೊಳ್ಳುವುದಿಲ್ಲ. ಮುಂದಿನ ಸಲ ವಿಜಾಪುರಕ್ಕೆ ಹೋದವರು ಗುಮ್ಮಟದಿಂದಿಳಿದ ಮೇಲೆ ಟಾಂಗಾದವನನ್ನು ಗಂಜಿನ ಕಡೆಗೆ ನಡೆಯೆಂದು ಕೇಳಲಿ. ಅವನು ಮೊದಲು ಆಶ್ಚರ್ಯಪಡಬಹುದು.